ಎರಡು ಹೊಳೆ, ಎರಡು ಊರು: ಶಿವಮೊಗ್ಗ–ಭದ್ರಾವತಿಗಳಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿ ತೀರ್ಮಾನಗಳ ಚರಿತ್ರೆ

ಪ್ರಸ್ತಾವನೆ

ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿಯುವ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರುತ್ತವೆ. ಹಾಗೆ ಸೇರುವ ಮೊದಲು ತುಂಗೆಯ ದಂಡೆಯಲ್ಲಿ ಶಿವಮೊಗ್ಗ ಸಿಗುತ್ತದೆ, ಭದ್ರೆಯ ದಂಡೆಯಲ್ಲಿ ಭದ್ರಾವತಿ. ಎರಡೂ ಊರುಗಳು ಹೊಳೆಯಿಂದ ನೀರೆತ್ತಿ ಕುಡಿಯುತ್ತವೆ, ಬಳಸಿದ ನೀರನ್ನು ಅದೇ ಹೊಳೆಗೆ ಬಿಡುತ್ತವೆ. ಕೂಡ್ಲಿಯಿಂದ ಕೆಳಗೆ ಆ ನೀರನ್ನೇ ಹರಿಹರ, ದಾವಣಗೆರೆಗಳ ಜನ ಶುದ್ಧೀಕರಿಸಿ ಕುಡಿಯುತ್ತಾರೆ. ಮಲೆನಾಡಿನಲ್ಲಿ ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಕರ್ನಾಟಕದ 17 ಭಾಗಗಳಿದ್ದವು. ತುಂಗೆಯೂ ಭದ್ರೆಯೂ ಆ ಹದಿನೇಳರಲ್ಲಿ ಸೇರಿದ್ದವು. ಪಟ್ಟಿ ತುಂಗೆಯಲ್ಲಿ ಗುರುತಿಸಿದ್ದು ಶಿವಮೊಗ್ಗದಿಂದ ಕೂಡ್ಲಿಯವರೆಗಿನ ಹರಿವನ್ನು.

ಈ ಎರಡು ಊರುಗಳಿಗೆ ನೀರಿನ ಬರವಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ 71.5 ಟಿಎಂಸಿ ನೀರು ನಿಲ್ಲುತ್ತದೆ. ಶಿವಮೊಗ್ಗದ ಮೇಲ್ಭಾಗದಲ್ಲಿ, ಗಾಜನೂರಿನಲ್ಲಿ ತುಂಗೆಗೂ ಅಣೆಕಟ್ಟು ಇದೆ. ಹೀಗಿದ್ದೂ ಸಮಸ್ಯೆ ಉಳಿದದ್ದೇಕೆ? ನೀರು ತರುವ ಯೋಜನೆ ಯಾವಾಗಲೂ ಮೊದಲು ಬಂತು, ಕೊಳಚೆ ಸಾಗಿಸುವ ಯೋಜನೆ ದಶಕಗಳ ನಂತರ ಬಂತು. ಎರಡನ್ನೂ ತೀರ್ಮಾನಿಸುವ ಅಧಿಕಾರ ಹಂತಹಂತವಾಗಿ ಪುರಸಭೆಯ ಸಭಾಂಗಣ ಬಿಟ್ಟು ಹೊರಗೆ ಹೋಯಿತು ಎಂಬುದು ಈ ಲೇಖನದ ವಾದ.

ಪುರಸಭೆಯ ಹೊಣೆ, ಸರ್ಕಾರದ ಹಣ

ಮೈಸೂರು ಸಂಸ್ಥಾನದಲ್ಲಿ ಪುರಸಭೆಗಳ ಆಡಳಿತ 1862ರಲ್ಲಿ ಬೆಂಗಳೂರಿನಿಂದ ಶುರುವಾಗಿ ಕ್ರಮೇಣ ಜಿಲ್ಲಾ ಕೇಂದ್ರಗಳಿಗೆ ಹರಡಿತು. ಹೆಸರಘಟ್ಟದ ನೀರು 1896ರಲ್ಲಿ ಬೆಂಗಳೂರಿನ ನಲ್ಲಿಗಳಿಗೆ ಬಂತು. ಅದರ ಬೆನ್ನಿಗೇ 1898ರಲ್ಲಿ ಪ್ಲೇಗ್ ಬಂದು, ಊರಿನ ನೈರ್ಮಲ್ಯ ಸರ್ಕಾರದ ದೊಡ್ಡ ಚಿಂತೆಯಾಯಿತು. ಪುರಸಭೆಗಳು ಬೀದಿ ಗುಡಿಸುವುದು, ಚರಂಡಿ ತೆಗೆಸುವುದು, ದೀಪ ಹಚ್ಚಿಸುವುದು ಮುಂತಾದ ನಿತ್ಯದ ಕೆಲಸಗಳನ್ನು ತಮ್ಮ ಕಂದಾಯದಲ್ಲೇ ನಡೆಸುತ್ತಿದ್ದವು. ಹೊಳೆಯಿಂದ ನೀರೆತ್ತಿ, ಶೋಧಿಸಿ, ಮನೆಮನೆಗೆ ಕೊಳವೆ ಹಾಕುವ ಖರ್ಚು ಮಾತ್ರ ಅವುಗಳ ಶಕ್ತಿ ಮೀರಿದ್ದು. ಅದಕ್ಕೆ ಸಂಸ್ಥಾನದ ಖಜಾನೆ ಮತ್ತು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳು ಬೇಕಾಗಿದ್ದರು. ಶಿವಮೊಗ್ಗದ ಜಲಶುದ್ಧೀಕರಣ ಘಟಕ ಇಂದಿಗೂ ಮಹಾರಾಜ ಕೃಷ್ಣರಾಜೇಂದ್ರರ ಹೆಸರನ್ನು ಹೊತ್ತಿದೆ.

ನಲ್ಲಿ ನೀರು ಬಂದ ಊರಿನಲ್ಲಿ ಬಳಸಿ ಚೆಲ್ಲುವ ನೀರೂ ಹೆಚ್ಚುತ್ತದೆ. ಅದನ್ನು ಸಾಗಿಸಲು ಇದ್ದದ್ದು ತೆರೆದ ಚರಂಡಿಗಳು ಮತ್ತು ಮಳೆನೀರಿನ ಹಳ್ಳಗಳು. ಮಲವನ್ನು ಮನುಷ್ಯರೇ ಎತ್ತಿ ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಆ ಕೆಲಸವನ್ನು ಜಾತಿ ಕೆಲವೇ ಸಮುದಾಯಗಳ ಮೇಲೆ ಹೇರಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿ ಎಷ್ಟು ವರ್ಷ ತಡವಾಯಿತೋ ಅಷ್ಟೂ ವರ್ಷ ಆ ಭಾರವನ್ನು ಹೊತ್ತವರು ಪೌರಕಾರ್ಮಿಕರು. ಯೋಜನೆಗಳ ವೆಚ್ಚದ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ಒಳಚರಂಡಿಯ ಚರಿತ್ರೆಯಲ್ಲಿ ಇದನ್ನು ಮೊದಲು ದಾಖಲಿಸಬೇಕು.

ಭದ್ರಾವತಿ: ಕಾರ್ಖಾನೆಯ ಊರು, ಪುರಸಭೆಯ ಊರು

ಭದ್ರಾವತಿಯ ಕಥೆ ಬೇರೆ. ಆಗ ಬೆಂಕಿಪುರ ಎಂಬ ಹೆಸರಿದ್ದ ಈ ಊರಿನಲ್ಲಿ 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಕಾರ್ಖಾನೆ ಬೇರೂರಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕಬ್ಬಿಣಕ್ಕೂ ಕಾಗದಕ್ಕೂ ಭದ್ರೆಯ ನೀರೇ ಆಧಾರವಾಗಿತ್ತು. ಎರಡೂ ಸಂಸ್ಥೆಗಳು ತಮ್ಮ ನೌಕರರಿಗಾಗಿ ನ್ಯೂಟೌನ್, ಪೇಪರ್‌ಟೌನ್ ಬಡಾವಣೆಗಳನ್ನು ಕಟ್ಟಿದವು.

ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಪೌರಾಡಳಿತ ನೆಲೆಯಾಯಿತು. ಕ್ವಾರ್ಟರ್ಸ್‌ನಲ್ಲಿದ್ದವನಿಗೆ ನೀರು, ರಸ್ತೆ, ಚರಂಡಿಗಳನ್ನು ನೋಡಿಕೊಳ್ಳಲು ಕಂಪನಿ ಇತ್ತು. ಹಳೇ ಊರಿನವನು ನೋಡಬೇಕಾದದ್ದು ಪುರಸಭೆಯ ಕಡೆಗೆ. ಕಾರ್ಖಾನೆ ಚೆನ್ನಾಗಿ ನಡೆಯುವವರೆಗೆ ಈ ಏರ್ಪಾಡಿನ ದೌರ್ಬಲ್ಯ ಯಾರ ಕಣ್ಣಿಗೂ ಬೀಳಲಿಲ್ಲ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಊರು ಕುಗ್ಗಿದ್ದು ಜನಗಣತಿಯಲ್ಲೂ ಕಾಣುತ್ತದೆ. 2001ರಲ್ಲಿ ನಗರದ ಜನಸಂಖ್ಯೆ 1.60 ಲಕ್ಷ ಇತ್ತು, 2011ರಲ್ಲಿ 1.51 ಲಕ್ಷಕ್ಕೆ ಇಳಿಯಿತು. ಜನ ಕಡಿಮೆಯಾದರೆಂದು ನೆಲದಡಿಯ ಕೊಳವೆಯ ಉದ್ದ ಕಡಿಮೆಯಾಗುವುದಿಲ್ಲ. ಅದನ್ನು ನೋಡಿಕೊಳ್ಳುವ ಖರ್ಚು ಹಾಗೇ ಉಳಿಯುತ್ತದೆ, ಕೊಡುವ ಕೈಗಳು ಮಾತ್ರ ಕಡಿಮೆಯಾಗುತ್ತವೆ.

ಮಂಡಳಿಯ ಕಾಲ

ಏಕೀಕರಣದ ನಂತರ 1964ರ ಪೌರಸಭೆಗಳ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಕಾನೂನು ತಂದಿತು. ಅದರ ಪ್ರಕಾರ ಚರಂಡಿ ಮತ್ತು ನೈರ್ಮಲ್ಯ ಪುರಸಭೆಗಳ ಕಡ್ಡಾಯ ಕರ್ತವ್ಯ. ಆದರೆ 1973ರ ಕಾಯ್ದೆಯಂತೆ 1975ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. ಸಣ್ಣ ಪುರಸಭೆಗಳಲ್ಲಿ ಪರಿಣತ ಎಂಜಿನಿಯರುಗಳಿರಲಿಲ್ಲ, ಸಾಲ ಎತ್ತುವ ಶಕ್ತಿಯೂ ಇರಲಿಲ್ಲ. ಆದ್ದರಿಂದ ಮಂಡಳಿ ಅಗತ್ಯವಾಗಿತ್ತು, ಅದು ಬಂದ ಮೇಲೆ ಹತ್ತಾರು ಊರುಗಳಿಗೆ ಹೊಳೆಯ ನೀರು ತಲುಪಿತು.

ತೀರ್ಮಾನದ ದಾರಿ ಮಾತ್ರ ಬದಲಾಯಿತು. ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್, ಸಿದ್ಧಪಡಿಸುವುದು ಮಂಡಳಿ. ತಾಂತ್ರಿಕ ಮಂಜೂರಾತಿ ಅದರ ಮುಖ್ಯ ಎಂಜಿನಿಯರರದು, ಆಡಳಿತಾತ್ಮಕ ಅನುಮೋದನೆ ಬೆಂಗಳೂರಿನದು. ಸದಸ್ಯರ ಸಾಮಾನ್ಯ ಸಭೆಯ ಪಾಲಿಗೆ ಉಳಿದದ್ದು ಒಪ್ಪಿಗೆಯ ಠರಾವು ಮತ್ತು ವಂತಿಗೆ. ಕಾಮಗಾರಿ ಮುಗಿದ ಮೇಲೆ ಪಂಪಿನ ಕರೆಂಟು ಬಿಲ್ಲು, ನೀರುಗಂಟಿಯ ಸಂಬಳ, ಒಡೆದ ಪೈಪು, ಕಟ್ಟಿಕೊಂಡ ಚೇಂಬರ್ ಇವೆಲ್ಲದರ ದೂರು ಬರುವುದು ವಾರ್ಡಿನ ಸದಸ್ಯನ ಮನೆ ಬಾಗಿಲಿಗೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನೀರು ಪೂರೈಕೆಯನ್ನೂ ನೈರ್ಮಲ್ಯವನ್ನೂ ಹನ್ನೆರಡನೇ ಅನುಸೂಚಿಗೆ ಸೇರಿಸಿತು. ಅಧಿಕಾರ ಕಾಗದದ ಮೇಲೆ ನಗರಕ್ಕೆ ಮರಳಿತು, ಡಿಪಿಆರ್ ಬರೆಯುವ ಕೈ ಬದಲಾಗಲಿಲ್ಲ.

ಹೊಳೆಯ ಹೆಸರಿನಲ್ಲಿ ಬಂದ ಒಳಚರಂಡಿ

ಈ ಎರಡು ಊರುಗಳಲ್ಲಿ ಕೊಳಚೆ ನೀರಿನ ಪ್ರಶ್ನೆಗೆ ದೊಡ್ಡ ತಿರುವು ಕೊಟ್ಟದ್ದು ದಿಲ್ಲಿ. ಗಂಗಾ ಕ್ರಿಯಾ ಯೋಜನೆಯ ಮಾದರಿಯಲ್ಲಿ 1995ರಲ್ಲಿ ರೂಪುಗೊಂಡ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ತುಂಗೆಗಾಗಿ ಶಿವಮೊಗ್ಗ, ಭದ್ರೆಗಾಗಿ ಭದ್ರಾವತಿ, ತುಂಗಭದ್ರೆಗಾಗಿ ಹರಿಹರ ಮತ್ತು ದಾವಣಗೆರೆ ಆಯ್ಕೆಯಾದವು. 2001ಕ್ಕೆ ಮೊದಲು ಕೆಲಕಾಲ ಪೂರ್ತಿ ವೆಚ್ಚ ಕೇಂದ್ರದ್ದಾಗಿತ್ತು. 2001ರಿಂದ ಕೇಂದ್ರ ಶೇ 70 ಕೊಟ್ಟರೆ ಉಳಿದದ್ದನ್ನು ರಾಜ್ಯವೇ ಭರಿಸಬೇಕಾಯಿತು.

ಈ ಯೋಜನೆಯ ಗುರಿ ಹೊಳೆ. ಹಳ್ಳಗಳಲ್ಲಿ ಹರಿದು ಬರುವ ಕೊಳಚೆಯನ್ನು ದಂಡೆಯಲ್ಲಿ ತಡೆಯುವುದು, ಅದನ್ನು ಕೊಳಚೆ ಸಂಗ್ರಹಿಸುವ ಬಾವಿಗೆ (ವೆಟ್‌ವೆಲ್) ತಿರುಗಿಸಿ ಪಂಪ್ ಮಾಡುವುದು, ಊರಾಚೆ ಶುದ್ಧೀಕರಿಸುವುದು ಅದರ ಕ್ರಮ. ಆದರೆ ಒಳಚರಂಡಿ ಕೆಲಸ ಮಾಡಬೇಕಾದರೆ ಮನೆಯ ಬಚ್ಚಲಿನಿಂದ ಒಳಚರಂಡಿಯ ಚೇಂಬರಿಗೆ ಸಂಪರ್ಕ ಇರಬೇಕು. ಅದಕ್ಕೆ ಮನೆಯವರು ಹಣ ಕಟ್ಟಬೇಕು, ಅಂಗಳ ಅಗೆಸಬೇಕು. ಇದನ್ನು ಒಪ್ಪಿಸಬಲ್ಲವರು ವಾರ್ಡಿನ ಸದಸ್ಯರೇ ಹೊರತು ದಿಲ್ಲಿಯ ಸಚಿವಾಲಯವಲ್ಲ. ಮನೆ ಸಂಪರ್ಕ ಹಿಂದೆ ಬಿದ್ದ ಕಡೆ ಕೊಳಚೆ ರಾಜಕಾಲುವೆಯಲ್ಲೇ ಹರಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮಳೆಯೊಂದಿಗೆ ಬೆರೆತು ದಂಡೆಯ ತಡೆಯನ್ನೂ ದಾಟುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಹೊಳೆ, ಕಾಲುವೆ, ಚರಂಡಿಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡುವುದು ಎಷ್ಟು ಅಪಾಯಕಾರಿ ಎಂಬುದು ಎಲ್ಲರಿಗೂ ಕಂಡಿತು.

ಅಮೃತ್, ಸ್ಮಾರ್ಟ್ ಸಿಟಿ ಮತ್ತು ದಿನದ ಲೆಕ್ಕ

2013–14ರಲ್ಲಿ ಶಿವಮೊಗ್ಗ ಮಹಾನಗರ ಪಾಲಿಕೆಯಾಯಿತು, ಭದ್ರಾವತಿ ನಗರಸಭೆಯಾಗಿಯೇ ಮುಂದುವರಿಯಿತು. 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆಗೆ ಎರಡೂ ನಗರಗಳು ಸೇರಿದವು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ನೀರು ಮತ್ತು ಒಳಚರಂಡಿಗೆ ಅಲ್ಲಿ ಕೇಂದ್ರದ ಪಾಲು ಅರ್ಧವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೂ ಏರಿತು. ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ ಎಂಬುದು ಆ ಯೋಜನೆಯ ಸೂತ್ರವಾಗಿತ್ತು. ಹಣ ಖರ್ಚು ಮಾಡಿದ್ದು ಪ್ರತ್ಯೇಕ ಕಂಪನಿ, ಅದರ ನಿರ್ದೇಶಕ ಮಂಡಳಿಯೇ ತೀರ್ಮಾನಿಸುವ ಜಾಗವಾಗಿತ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ 2008ರ ವೇಳೆಗೆ ಯಶಸ್ವಿಯಾದ 24×7 ನೀರಿನ ಮಾದರಿ ಶಿವಮೊಗ್ಗಕ್ಕೂ ಬಂತು. ಅದರ ಜೊತೆಗೆ ಮೀಟರೂ ಬಂತು.

ಇಲ್ಲಿ ಒಂದು ಸರಳ ಲೆಕ್ಕ ಹಾಕಬಹುದು. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಕೇಂದ್ರದ ತಾಂತ್ರಿಕ ಕೈಪಿಡಿಯ ಮಾನದಂಡ. ಬಳಸಿದ ನೀರಿನ ಸುಮಾರು ಶೇ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂದು ಅದೇ ಕೈಪಿಡಿ ಎಣಿಸುತ್ತದೆ. 2011ರ ಜನಗಣತಿಯ ಪ್ರಕಾರ ಶಿವಮೊಗ್ಗದ 3,22,650 ಜನರಿಗೆ ದಿನಕ್ಕೆ ಸುಮಾರು 4.35 ಕೋಟಿ ಲೀಟರ್ ನೀರು ಬೇಕು, ಹೊರಬರುವ ಕೊಳಚೆ ಸುಮಾರು 3.5 ಕೋಟಿ ಲೀಟರ್. ಭದ್ರಾವತಿಗೆ ಸುಮಾರು 2 ಕೋಟಿ ಲೀಟರ್ ಬೇಕು, ಹೊರಬರುವುದು ಸುಮಾರು 1.6 ಕೋಟಿ ಲೀಟರ್. ಮಾನದಂಡದಂತೆ ನೀರು ಕೊಟ್ಟರೆ ಎರಡೂ ಊರುಗಳಿಂದ ಕೂಡ್ಲಿಯ ಕಡೆಗೆ ದಿನಕ್ಕೆ 5 ಕೋಟಿ ಲೀಟರಿಗೂ ಹೆಚ್ಚು ಕೊಳಚೆ ಸಾಗುತ್ತದೆ. 2011ರಿಂದ ಈಚೆಗೆ ಶಿವಮೊಗ್ಗದ ಸುತ್ತ ಎದ್ದ ಬಡಾವಣೆಗಳು ಈ ಲೆಕ್ಕದಲ್ಲಿ ಇಲ್ಲ. 24 ಗಂಟೆ ನೀರು ಕೊಡುವ ತೀರ್ಮಾನ ತೆಗೆದುಕೊಂಡ ದಿನವೇ ಹೆಚ್ಚುವ ಕೊಳಚೆಗೂ ದಾರಿ ತೀರ್ಮಾನಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೀರ್ಮಾನಿಸುವ ಸದಸ್ಯರೇ ಇಲ್ಲದ ಕಾಲವೂ ಇದೆ. 2018ರಲ್ಲಿ ಆಯ್ಕೆಯಾದ ಶಿವಮೊಗ್ಗ ಪಾಲಿಕೆಯ ಅವಧಿ 2023ರಲ್ಲಿ ಮುಗಿದು, ಆಡಳಿತ ಆಡಳಿತಾಧಿಕಾರಿಯ ಕೈಗೆ ಹೋಯಿತು. ಭದ್ರಾವತಿ ನಗರಸಭೆಗೆ ಮಾತ್ರ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದಿತ್ತು. ಅಧಿಕಾರಿ ಕಡತ ವಿಲೇವಾರಿ ಮಾಡಬಲ್ಲರು. ಯಾವ ಬೀದಿಗೆ ಮೊದಲು ಕೊಳವೆ, ಯಾರಿಗೆ ಎಷ್ಟು ದರ ಎಂಬ ಪ್ರಶ್ನೆಗೆ ಜನರ ಮುಂದೆ ಉತ್ತರ ಕೊಡಬೇಕಾದವರು ಮಾತ್ರ ಚುನಾಯಿತರೇ.

ಉಪಸಂಹಾರ

ನೂರು ವರ್ಷಗಳ ಈ ಚರಿತ್ರೆಯಲ್ಲಿ ಹಣ ಕೊಡುವವರು ಬದಲಾಗುತ್ತ ಬಂದರು. ಮೊದಲು ಸಂಸ್ಥಾನ ಮತ್ತು ಕಂಪನಿ, ಆಮೇಲೆ ಮಂಡಳಿ, ಆಮೇಲೆ ಕೇಂದ್ರದ ಯೋಜನೆಗಳು. ಪ್ರತಿಯೊಬ್ಬರೂ ತಮ್ಮ ಗುರಿಯನ್ನೂ ತಮ್ಮ ಅವಧಿಯನ್ನೂ ಜೊತೆಗೆ ತಂದರು. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅದು ಹಾಕಿದ ಕೊಳವೆಗಳ ಆಯುಷ್ಯ ಈಗಷ್ಟೇ ಶುರುವಾಗಿದೆ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹೊಳೆಯ ಪ್ರಶ್ನೆ ಜನರ ಪ್ರಶ್ನೆಯಾಗಿದೆ ಎಂಬುದನ್ನು ತೋರಿಸಿತು.

ಚರಿತ್ರೆ ಸೂಚಿಸುವ ಕೆಲಸಗಳು ಮೂರು. ನೀರು ತರುವ ಮತ್ತು ಕೊಳಚೆ ಸಾಗಿಸುವ ಯೋಜನೆಗಳಿಗೆ ಒಂದೇ ಡಿಪಿಆರ್ ಇರಬೇಕು. ಆ ಡಿಪಿಆರ್ ಠರಾವಿಗೆ ಮೊದಲು ಕನ್ನಡದಲ್ಲಿ ವಾರ್ಡುಗಳಿಗೆ ಹೋಗಬೇಕು, ಇಪ್ಪತ್ತು ವರ್ಷಗಳ ನಿರ್ವಹಣೆಯ ವೆಚ್ಚ ಅದರಲ್ಲಿ ನಮೂದಾಗಿರಬೇಕು. ಶಿವಮೊಗ್ಗ, ಭದ್ರಾವತಿ, ಹರಿಹರ, ದಾವಣಗೆರೆಗಳ ಚುನಾಯಿತ ಸದಸ್ಯರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಕೂತು ಹೊಳೆಯ ನೀರಿನ ಪರೀಕ್ಷಾ ಫಲಿತಾಂಶಗಳನ್ನು ನೋಡಬೇಕು. ಇವಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಅಭ್ಯರ್ಥಿಗಳಿಗೆ ಎರಡೂ ನಗರಗಳ ಮತದಾರರು ನಲ್ಲಿಯ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ ಚರಂಡಿಯ ಬಗ್ಗೆಯೂ ಕೇಳಬೇಕು.