ಕಾಲೇಜನ್ನು ಆರಿಸುವವರು ಯಾರು?

1887ರ ಕೊನೆಯಲ್ಲಿ ರಾಜಕೋಟದ ಹುಡುಗನೊಬ್ಬ ಮೆಟ್ರಿಕ್ಯುಲೇಷನ್ ಪರೀಕ್ಷೆ ಬರೆಯಲು ಅಹಮದಾಬಾದಿಗೆ ಹೊರಟ. ಜೊತೆಗೆ ಯಾರೂ ಇಲ್ಲದೆ ಅವನು ಅಲ್ಲಿಗೆ ಹೋದದ್ದು ಅದೇ ಮೊದಲು. ಪರೀಕ್ಷಾ ಕೇಂದ್ರ ಮುಂಬಯಿಯಲ್ಲೂ ಇತ್ತು. ಆದರೆ ಕಾಠಿಯಾವಾಡದ ಬಡತನಕ್ಕೆ ಅಹಮದಾಬಾದೇ ಹತ್ತಿರ, ಅಗ್ಗ. ಪಾಸಾದ ಮೇಲೆ ಕಾಲೇಜಿನ ಮಾತು ಬಂತು. ಮುಂಬಯಿ ಒಂದು ದಾರಿ, ಭಾವನಗರ ಇನ್ನೊಂದು. ಭಾವನಗರದಲ್ಲಿ ಖರ್ಚು ಕಡಿಮೆ, ಹಾಗಾಗಿ ಅಲ್ಲಿನ ಸಾಮಲದಾಸ್ ಕಾಲೇಜಿಗೆ ಸೇರಿದ. ಪಾಠ ತಲೆಗೆ ಹತ್ತಲಿಲ್ಲ. ಒಂದು ಟರ್ಮ್ ಮುಗಿಸಿ ಮನೆಗೆ ಬಂದುಬಿಟ್ಟ.

ಆಗ ಮನೆಗೆ ಬಂದವರು ಕುಟುಂಬದ ಹಿತೈಷಿ ಮಾವಜಿ ದವೆ. ಬಿ.ಎ. ಮುಗಿಯಲು ನಾಲ್ಕೈದು ವರ್ಷ ಬೇಕು, ಮುಗಿದರೂ ದಿವಾನಗಿರಿ ಸಿಗುವುದಿಲ್ಲ, ಹುಡುಗನನ್ನು ಲಂಡನ್ನಿಗೆ ಕಳಿಸಿ ಬ್ಯಾರಿಸ್ಟರ್ ಮಾಡಿ ಎಂಬುದು ಅವರ ಸಲಹೆ. ಹುಡುಗ ಮೆಲ್ಲಗೆ ತನ್ನದೂ ಒಂದು ಆಸೆಯನ್ನು ಮುಂದಿಟ್ಟ: ವೈದ್ಯಕೀಯ ಓದಬಹುದೇ? ಅಣ್ಣ ತಡೆದರು. ಹೆಣ ಕೊಯ್ಯುವ ಕೆಲಸ ವೈಷ್ಣವರಿಗೆ ತಕ್ಕದ್ದಲ್ಲವೆಂದು ತಂದೆ ಹೇಳುತ್ತಿದ್ದರು. 1888ರ ಸೆಪ್ಟೆಂಬರಿನಲ್ಲಿ ಮೋಹನದಾಸ ಗಾಂಧಿ ಹಡಗು ಹತ್ತಿದ್ದು ಕಾನೂನು ಓದಲು.

ಈ ಕಥೆಯನ್ನು ಗಾಂಧಿಯವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಇದರಲ್ಲಿ ಕಾಲೇಜನ್ನು ತೀರ್ಮಾನಿಸಿದ್ದು ದೂರ, ಖರ್ಚು, ಮನೆತನದ ಆಚಾರ ಮತ್ತು ಮುಂದಿನ ಉದ್ಯೋಗ. ಓದುವವನ ಇಷ್ಟಕ್ಕೆ ಸರದಿ ಬಂದದ್ದು ಕೊನೆಯಲ್ಲಿ, ಬಂದಷ್ಟೇ ಬೇಗ ಅದು ಹೋಯಿತು.

ಇಂದು ಅಹಮದಾಬಾದ್, ವಡೋದರ, ಸೂರತ್‌ಗಳ ಮನೆಗಳಲ್ಲಿ ಹನ್ನೆರಡನೇ ತರಗತಿಯ ಫಲಿತಾಂಶ ಬಂದೊಡನೆ ಕಂಪ್ಯೂಟರಿನ ಮುಂದೆ ಕುಳಿತು 'ಚಾಯ್ಸ್ ಫಿಲ್ಲಿಂಗ್' ಮಾಡುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಮನೆಗಳಲ್ಲಿ ಅದಕ್ಕೆ 'ಆಪ್ಷನ್ ಎಂಟ್ರಿ' ಎಂದು ಹೆಸರು. ವಿದ್ಯಾರ್ಥಿ ತನ್ನ ಇಷ್ಟದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಬರೆಯಬೇಕು. ನೋಡಲು ಸಣ್ಣ ಕೆಲಸ. ಆದರೆ ವಿದ್ಯಾರ್ಥಿಗೊಂದು ಇಷ್ಟವಿದೆ, ಅದನ್ನು ಬರೆದು ಕೊಡಬಹುದು, ಬರೆದದ್ದನ್ನು ವ್ಯವಸ್ಥೆ ಪಾಲಿಸಬೇಕು ಎಂಬ ತಿಳಿವಳಿಕೆ ಮೂಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಗುಜರಾತಿನ ಈ ಮೂರು ನಗರಗಳಲ್ಲಿ ಆ ದಾರಿಯ ಗುರುತುಗಳು ಇನ್ನೂ ಕಾಣುತ್ತವೆ.

ಮೊದಲ ಹಂತದಲ್ಲಿ ಆರಿಸಲು ಹೆಚ್ಚೇನೂ ಇರಲಿಲ್ಲ. 1857ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯವೇ ಇಡೀ ಪ್ರಾಂತ್ಯದ ಪರೀಕ್ಷೆ ನಡೆಸುತ್ತಿತ್ತು. ಅಹಮದಾಬಾದಿನಲ್ಲಿ ಗುಜರಾತ್ ಕಾಲೇಜು ನೆಲೆಗೊಂಡದ್ದು 1879ರಲ್ಲಿ, ಬರೋಡಾ ಕಾಲೇಜು ತೆರೆದದ್ದು 1881ರಲ್ಲಿ. ಹಳೆಯ ಬಂದರು ನಗರ ಸೂರತ್ 1918ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಸೂರತ್ತಿನ ಹುಡುಗ ಪದವಿ ಬೇಕೆಂದರೆ ರೈಲು ಹತ್ತಲೇಬೇಕಿತ್ತು. ಅದೇ ಪ್ರಾಂತ್ಯದ ದಕ್ಷಿಣ ತುದಿಯಲ್ಲಿದ್ದ ಧಾರವಾಡದ ಕಥೆಯೂ ಬೇರೆಯಲ್ಲ. ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ; ಅದಕ್ಕೂ ಮುಂಚೆ ಕಾಲೇಜಿಗೆ ಹೊರಟ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿದ್ದರು.

ಹೆಣ್ಣುಮಕ್ಕಳಿಗಂತೂ ಮನೆ ಇರುವ ಊರಿನಲ್ಲೇ ಕಾಲೇಜಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 1901ರಲ್ಲಿ ಗುಜರಾತಿನ ಮೊದಲ ಪದವೀಧರೆಯರಾದ ವಿದ್ಯಾಗೌರಿ ನೀಲಕಂಠ ಮತ್ತು ಶಾರದಾ ಮೆಹ್ತಾ ಅಕ್ಕತಂಗಿಯರು. ಇಬ್ಬರೂ ಓದಿದ್ದು ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ. ವಿದ್ಯಾಗೌರಿಯವರ ಓದು ಬಾಣಂತನ, ಸಂಸಾರಗಳ ನಡುವೆ ನಿಂತು ನಿಂತು ಸಾಗಿತು. ಆ ಕಾಲೇಜು ಅದೇ ಊರಿನಲ್ಲಿ ಇಲ್ಲದಿದ್ದರೆ ಆ ಎರಡು ಪದವಿಗಳು ಸಿಗುವುದು ಕಷ್ಟವಿತ್ತು. ಇಂದಿಗೂ ಹೆಣ್ಣುಮಕ್ಕಳ ಆಯ್ಕೆಪಟ್ಟಿಯ ಮೇಲ್ಗಡೆ ಹತ್ತಿರದ ಕಾಲೇಜು ಕಂಡರೆ ಅದರ ಹಿಂದೆ ಅಷ್ಟೇ ಹಳೆಯ ಲೆಕ್ಕವಿರುತ್ತದೆ.

ಎರಡನೆಯ ಹಂತ, ಬೇರೆ ಬಗೆಯ ಮನಸ್ಸಿಗೆ ಬೇರೆ ಬಗೆಯ ವಿದ್ಯಾಸಂಸ್ಥೆ ಬೇಕು ಎಂಬ ಅರಿವು. ಸೂರತ್ತಿನ ತ್ರಿಭುವನದಾಸ ಗಜ್ಜರ್ ರಸಾಯನಶಾಸ್ತ್ರ ಓದಿ ಬರೋಡಾದಲ್ಲಿ ಪ್ರಾಧ್ಯಾಪಕರಾಗಿದ್ದರು. ಪುಸ್ತಕ ಉರು ಹೊಡೆದು ಗುಮಾಸ್ತರಾಗುವ ಓದಿನ ಬದಲು ಬಣ್ಣ ಹಾಕುವುದು, ಯಂತ್ರ ಕಟ್ಟುವುದು, ಮನೆ ಕಟ್ಟುವುದನ್ನು ಕಲಿಸುವ ಶಾಲೆ ಬೇಕೆಂದು ಅವರು ಪಟ್ಟು ಹಿಡಿದರು. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ಕಲಾಭವನ ಆರಂಭವಾಯಿತು. ಪಾಠ ಗುಜರಾತಿಯಲ್ಲೇ ನಡೆಯಿತು. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಚಿತ್ರ ಕಲಿತಿದ್ದ ಒಬ್ಬ ತರುಣ ಅಲ್ಲಿಗೆ ಬಂದು ಛಾಯಾಗ್ರಹಣವನ್ನೂ ಕಲಿತ. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ ದಾದಾಸಾಹೇಬ್ ಫಾಲ್ಕೆ ಅವನೇ. ಕಲಾಭವನವೇ ಮುಂದೆ ವಡೋದರದ ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗವಾಗಿ ಬೆಳೆಯಿತು.

ಯಾವ ಕಾಲೇಜಿಗೂ ಹೊಂದದ ಮನಸ್ಸುಗಳೂ ಇದ್ದವು. ಬರೋಡಾ ಕಾಲೇಜಿನ ವಿನಾಯಕ ಭಾವೆ ತನ್ನ ಸರ್ಟಿಫಿಕೇಟುಗಳನ್ನು ಅಡುಗೆಮನೆಯ ಒಲೆಗೆ ಹಾಕಿದ. ಬೇಡವಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ತಾಯಿ ಕೇಳಿದರು. 1916ರ ಮಾರ್ಚಿನಲ್ಲಿ ಇಂಟರ್‌ಮೀಡಿಯಟ್ ಪರೀಕ್ಷೆಗೆಂದು ಮುಂಬಯಿಯ ರೈಲು ಹತ್ತಿದವನು ಸೂರತ್ತಿನಲ್ಲಿ ಇಳಿದು ಕಾಶಿಯ ದಾರಿ ಹಿಡಿದ. ಜೂನ್ ಹೊತ್ತಿಗೆ ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ, ಗಾಂಧಿಯವರ ಬಳಿಗೆ ಬಂದು ಸೇರಿದ, ವಿನೋಬಾ ಆದ. ನಾಲ್ಕು ವರ್ಷಗಳ ನಂತರ, 1920ರ ಅಕ್ಟೋಬರಿನಲ್ಲಿ, ಸರಕಾರಿ ಕಾಲೇಜುಗಳನ್ನು ಬಿಟ್ಟವರಿಗಾಗಿ ಗಾಂಧಿ ಅದೇ ಊರಿನಲ್ಲಿ ಗುಜರಾತ್ ವಿದ್ಯಾಪೀಠ ತೆರೆದರು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ, ಬರೋಡಾದ ಗಂಗಾನಾಥ ವಿದ್ಯಾಲಯದಲ್ಲಿ ಪಾಠ ಹೇಳಿ ಬಂದಿದ್ದ ಕಾಕಾ ಕಾಲೇಲ್ಕರ್ ಅದನ್ನು ಬೆಳೆಸಿದವರಲ್ಲಿ ಒಬ್ಬರು.

1949ರಲ್ಲಿ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯ, ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಎರಡೂ ಬಂದವು. ಕಾಲೇಜುಗಳು ಹೆಚ್ಚಿದವು, ಬಯಸುವವರು ಅದಕ್ಕಿಂತ ಹೆಚ್ಚಿದರು. ಸೀಟು ಯಾರಿಗೆ, ಯಾವ ನಿಯಮದ ಮೇಲೆ ಎಂಬ ಪ್ರಶ್ನೆ ಅಲ್ಲಿಂದ ಶುರು. 1962ನೇ ಇಸವಿಯಲ್ಲಿ ಈ ಪ್ರಶ್ನೆ ಮೂರು ಕಡೆ ಮೂರು ರೂಪದಲ್ಲಿ ಎದ್ದಿತು.

ಒಂದು ಅಹಮದಾಬಾದಿನದು. ಶಾಲೆಯನ್ನು ಮರಾಠಿ ಮಾಧ್ಯಮದಲ್ಲಿ ಮುಗಿಸಿದ್ದ ಹುಡುಗನೊಬ್ಬ ಸೇಂಟ್ ಝೇವಿಯರ್ಸ್ ಕಾಲೇಜಿನ ಇಂಗ್ಲಿಷ್ ವಿಭಾಗಕ್ಕೆ ಸೇರಿ ಮೊದಲ ವರ್ಷ ಪಾಸಾದ. ಎರಡನೇ ವರ್ಷವೂ ಇಂಗ್ಲಿಷಿನಲ್ಲೇ ಓದುತ್ತೇನೆಂದಾಗ ವಿಶ್ವವಿದ್ಯಾಲಯದ ನಿಯಮ ಅಡ್ಡ ಬಂತು: ಬೋಧನೆ ಗುಜರಾತಿ ಇಲ್ಲವೇ ಹಿಂದಿಯಲ್ಲಿ ನಡೆಯಬೇಕು. ತಂದೆ ಕೋರ್ಟಿಗೆ ಹೋದರು. ಒಂದೇ ಮಾಧ್ಯಮವನ್ನು ಕಡ್ಡಾಯವಾಗಿ ಹೇರುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಇಲ್ಲವೆಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ಬಹುಮತದ ತೀರ್ಪು ಕೊಟ್ಟಿತು. ದೇಶಭಾಷೆಗೆ ಉನ್ನತ ಶಿಕ್ಷಣದಲ್ಲಿ ಜಾಗ ಮಾಡಬೇಕೆಂಬ ಹಂಬಲ ಒಂದು ಕಡೆ, ಆ ಭಾಷೆ ತನ್ನದಲ್ಲದ ಹುಡುಗನ ಆಯ್ಕೆ ಇನ್ನೊಂದು ಕಡೆ. ಎರಡೂ ನ್ಯಾಯವಾದ ಬಯಕೆಗಳೇ ಆಗಿದ್ದವು. ಮಾಧ್ಯಮದ ಜಗಳ ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಮೈಸೂರು ರಾಜ್ಯದ್ದು. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟಿದ್ದ ಸರಕಾರದ ಆದೇಶವನ್ನು, ಸರಿಯಾಗಿ ಒಂದು ವಾರದ ನಂತರ, ಸೆಪ್ಟೆಂಬರ್ 28ರಂದು, ಅದೇ ಕೋರ್ಟು ಬಾಲಾಜಿ ಪ್ರಕರಣದಲ್ಲಿ ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧದೊಳಗಿರಬೇಕು ಎಂಬ ಮಾತು ದೇಶಕ್ಕೆ ಬಂದದ್ದು ಅಲ್ಲಿಂದ.

ಮೂರನೆಯದು ಅಮೆರಿಕದ ಒಂದು ಗಣಿತ ಪತ್ರಿಕೆಯಲ್ಲಿ ಬಂದ ಪುಟ್ಟ ಲೇಖನ. ಬರೆದವರು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ. ವಿಷಯ ಕಾಲೇಜು ಪ್ರವೇಶ ಮತ್ತು ಮದುವೆಯ ಸ್ಥಿರತೆ. ಅವರ ಉಪಾಯ ಇಷ್ಟು: ಪ್ರತಿ ವಿದ್ಯಾರ್ಥಿ ತನ್ನ ಮೊದಲ ಇಷ್ಟದ ಕಾಲೇಜಿಗೆ ಅರ್ಜಿ ಹಾಕಲಿ. ಕಾಲೇಜು ತನ್ನ ಸೀಟುಗಳಷ್ಟು ಮಂದಿಯನ್ನು 'ಸದ್ಯಕ್ಕೆ ಇರಲಿ' ಎಂದು ಹಿಡಿದುಕೊಂಡು ಉಳಿದವರನ್ನು ಬಿಡಲಿ. ಬಿಟ್ಟವರು ತಮ್ಮ ಎರಡನೇ ಇಷ್ಟಕ್ಕೆ ಹೋಗಲಿ. ಅಲ್ಲಿ ಮೊದಲೇ ಹಿಡಿದವರಿಗಿಂತ ಇವರು ಮೇಲಿದ್ದರೆ ಕಾಲೇಜು ಇವರನ್ನು ಇಟ್ಟುಕೊಂಡು ಕೆಳಗಿನವರನ್ನು ಬಿಡಲಿ. ಹೀಗೆ ನಡೆದು ನಡೆದು ಯಾರಿಗೂ ಹೋಗಲು ಹೊಸ ಬಾಗಿಲಿಲ್ಲ ಎಂದಾದಾಗ ಪಟ್ಟಿ ಅಂತಿಮ. ಆಗ 'ನನಗೆ ಆ ಕಾಲೇಜು ಬೇಕಿತ್ತು, ಆ ಕಾಲೇಜಿಗೂ ಅಲ್ಲಿ ಸೇರಿದವರಿಗಿಂತ ನಾನೇ ಬೇಕಿತ್ತು' ಎಂದು ದೂರಲು ಯಾರಿಗೂ ಕಾರಣವಿರುವುದಿಲ್ಲ. ಎಲ್ಲ ಕಾಲೇಜುಗಳೂ ಒಂದೇ ಮೆರಿಟ್ ಪಟ್ಟಿ ನೋಡುವಾಗ ಇದು ಇನ್ನೂ ಸರಳ: ಮೊದಲ ರ್‍ಯಾಂಕಿನವರು ಮೊದಲು ಆರಿಸುತ್ತಾರೆ, ಅವರ ಹಿಂದೆ ಎರಡನೆಯವರು, ರೇಷನ್ ಅಂಗಡಿಯ ಸಾಲಿನ ಹಾಗೆ.

ಆದರೆ ಮೆರಿಟ್ ಎಂದರೇನು ಎಂಬುದನ್ನು ಗಣಿತ ತೀರ್ಮಾನಿಸುವುದಿಲ್ಲ. ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕೆಂಬ ಜಗಳ ಗುಜರಾತಿನಲ್ಲಿ ಬೀದಿಗೆ ಬಂತು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಊಟದ ಬಿಲ್ಲು ಏರಿದ್ದಕ್ಕೆ ಹತ್ತಿದ ಕಿಡಿ ನವನಿರ್ಮಾಣ ಚಳವಳಿಯಾಗಿ, 1974ರ ಫೆಬ್ರವರಿಯಲ್ಲಿ ಚಿಮನ್‌ಭಾಯಿ ಪಟೇಲರ ಸರಕಾರವನ್ನೇ ಉರುಳಿಸಿತು. ಸೀಟು ಸಿಕ್ಕಿದ ಮೇಲೂ ಊಟದ ಖರ್ಚು ಭರಿಸಲಾಗದಿದ್ದರೆ ಆ ಸೀಟಿನಿಂದೇನು ಎಂಬ ಪ್ರಶ್ನೆ ಅದರ ಬುಡದಲ್ಲಿತ್ತು. 1981ರಲ್ಲಿ ಅಹಮದಾಬಾದಿನ ಬಿ.ಜೆ. ಮೆಡಿಕಲ್ ಕಾಲೇಜಿನ ಸ್ನಾತಕೋತ್ತರ ಸೀಟುಗಳ ಮೀಸಲಾತಿ ವಿರುದ್ಧ ಚಳವಳಿ ಎದ್ದು ದಲಿತರ ಮೇಲಿನ ಹಿಂಸೆಯಾಗಿ ಹರಡಿತು. 1985ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಶೇ. 10ರಿಂದ 28ಕ್ಕೆ ಏರಿಸಿದಾಗ ಮತ್ತೆ ತಿಂಗಳುಗಟ್ಟಲೆ ಗಲಭೆ. ಕೆಲವೇ ಸೀಟುಗಳ ಲೆಕ್ಕಕ್ಕೆ ಜೀವಗಳು ಹೋದವು.

ಕರ್ನಾಟಕದಲ್ಲಿ ಜಗಳ ದುಡ್ಡಿನದಾಗಿತ್ತು. ಕ್ಯಾಪಿಟೇಷನ್ ಶುಲ್ಕದ ವಿರುದ್ಧ 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು ಬಂತು, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಿಂದ ಸಿಇಟಿ. ದಲ್ಲಾಳಿಯ ಬಾಗಿಲು ತಟ್ಟುವ ಬದಲು ರ್‍ಯಾಂಕ್ ಹಿಡಿದು ಸೀಟು ಕೇಳಬಹುದು ಎಂಬುದು ಎಷ್ಟೋ ಮಧ್ಯಮ ವರ್ಗದ, ಹಳ್ಳಿಯ ಮಕ್ಕಳಿಗೆ ದೊಡ್ಡ ಬಿಡುಗಡೆಯಾಗಿತ್ತು. ಗುಜರಾತಿನಲ್ಲಿ ಗುಜ್‌ಸೆಟ್ ಪರೀಕ್ಷೆ 2006ರಲ್ಲಿ ಬಂತು. ವೃತ್ತಿಪರ ಕೋರ್ಸುಗಳ ಪ್ರವೇಶ ಸಮಿತಿ ಅಹಮದಾಬಾದಿನಿಂದ ಇಡೀ ರಾಜ್ಯದ ಸೀಟು ಹಂಚುತ್ತದೆ.

ಇಷ್ಟಾದರೂ ಬಾಗಿಲುಗಳು ಬೇರೆ ಬೇರೆಯಾಗಿದ್ದರೆ ತೊಂದರೆ ತಪ್ಪುವುದಿಲ್ಲ. ಎಲ್.ಡಿ. ಕಾಲೇಜಿಗೆ, ವಡೋದರದ ತಂತ್ರಜ್ಞಾನ ವಿಭಾಗಕ್ಕೆ ರಾಜ್ಯದ ಸಮಿತಿಯ ಮೂಲಕ ಹೋಗಬೇಕು. 1961ರಲ್ಲಿ ಆರಂಭವಾಗಿ ಈಗ ಎನ್ಐಟಿ ಆಗಿರುವ ಸೂರತ್ತಿನ ಕಾಲೇಜಿಗೆ ರಾಷ್ಟ್ರಮಟ್ಟದ ಹಂಚಿಕೆಯಿಂದ ಹೋಗಬೇಕು. ಒಬ್ಬ ವಿದ್ಯಾರ್ಥಿ ಎರಡೂ ಕಡೆ ಸೀಟು ಹಿಡಿದು ಕೊನೆಗೆ ಒಂದನ್ನು ಬಿಟ್ಟರೆ, ಆ ಸೀಟಿಗಾಗಿ ಹಂಬಲಿಸಿದವರು ಅಷ್ಟರಲ್ಲಿ ಬೇರೆಲ್ಲೋ ಸೇರಿ ಶುಲ್ಕ ಕಟ್ಟಿರುತ್ತಾರೆ. ಐಐಟಿ ಮತ್ತು ಎನ್ಐಟಿಗಳ ನಡುವೆ ಇದೇ ಸಮಸ್ಯೆಯಿತ್ತು. 2015ರಲ್ಲಿ ಎರಡಕ್ಕೂ ಸೇರಿಸಿ 'ಜೋಸಾ' ಎಂಬ ಒಂದೇ ಹಂಚಿಕೆ ಬಂತು, ಅದರೊಳಗೆ ಕೆಲಸ ಮಾಡುವುದು ಗೇಲ್-ಶಾಪ್ಲಿಯವರ ಉಪಾಯವೇ. ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತ್ತು. 2024ರಿಂದ ಗುಜರಾತಿನ ಸರಕಾರಿ ವಿಶ್ವವಿದ್ಯಾಲಯಗಳ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಪ್ರವೇಶಕ್ಕೂ ಒಂದೇ ಅರ್ಜಿ ಸಾಕು ಎಂದಾಗಿದೆ.

ಈ ಗಣಿತದಿಂದ ಮನೆಯವರಿಗೆ ಸಿಗುವ ಪಾಠ ಸಣ್ಣದು, ಆದರೆ ಬೆಲೆಯುಳ್ಳದ್ದು. ಪಟ್ಟಿಯ ಉದ್ದಕ್ಕೆ ಮಿತಿಯಿಲ್ಲದಿದ್ದರೆ, ಇಷ್ಟವನ್ನು ಇದ್ದ ಹಾಗೆ ಬರೆಯುವುದೇ ವಿದ್ಯಾರ್ಥಿಗೆ ಲಾಭ ಎಂದು 1980ರ ದಶಕದ ಆರಂಭದಲ್ಲೇ ಸಾಬೀತಾಗಿದೆ. 'ಅದು ಹೇಗೂ ಸಿಗೋದಿಲ್ಲ, ಮೊದಲಿಗೆ ಯಾಕೆ ಬರೀತೀಯ?' ಎಂದು ಚಿಕ್ಕಪ್ಪನೋ ಟ್ಯೂಷನ್ ಮೇಷ್ಟ್ರೋ ಹೇಳಿದರೆ ಕಿವಿಗೊಡಬೇಕಾಗಿಲ್ಲ. ಸಿಗದ ಕಾಲೇಜನ್ನು ಮೊದಲು ಬರೆದರೆ ಎರಡನೆಯದು ಕೈತಪ್ಪುವುದಿಲ್ಲ. ಸಿಗುವಂಥದ್ದನ್ನು ಮೇಲೆ ಬರೆದು, ನಿಜವಾಗಿ ಬೇಕಾದ್ದನ್ನು ಕೆಳಗೆ ಬರೆದರೆ ಮಾತ್ರ ನಷ್ಟ.

ಆದರೆ 'ಇದ್ದ ಹಾಗೆ' ಬರೆಯಲು ಮೊದಲು ಇಷ್ಟವೇನೆಂದು ಗೊತ್ತಿರಬೇಕು. ಯಂತ್ರಕ್ಕೆ ಕಾಣುವುದು ಪಟ್ಟಿಯ ಅನುಕ್ರಮ ಮಾತ್ರ. ಮೊದಲ ಸಾಲನ್ನು ಬರೆದದ್ದು ಮಗಳೋ, ತಂದೆಯೋ, ಹಾಸ್ಟೆಲಿನ ಖರ್ಚೋ ಅದಕ್ಕೆ ತಿಳಿಯದು. ಉಡುಪಿಯ ಅದಮಾರಿನ ಯು.ಆರ್. ರಾವ್ ಅನಂತಪುರದಲ್ಲಿ ಬಿ.ಎಸ್‌ಸಿ., ಕಾಶಿಯಲ್ಲಿ ಎಂ.ಎಸ್‌ಸಿ. ಮುಗಿಸಿ ಅಹಮದಾಬಾದಿಗೆ ಬಂದರು. ಅಲ್ಲಿದ್ದದ್ದು ವಿಕ್ರಮ್ ಸಾರಾಭಾಯಿ, ವಿಶ್ವಕಿರಣಗಳ ಸಂಶೋಧನೆ ಮತ್ತು 1947ರಲ್ಲಷ್ಟೇ ಹುಟ್ಟಿದ್ದ ಒಂದು ಪ್ರಯೋಗಾಲಯ. 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಅವರಿಗೆ ಡಾಕ್ಟರೇಟ್ ಬಂತು. 1975ರ ಏಪ್ರಿಲ್ 19ರಂದು ಅವರ ತಂಡ ಕಟ್ಟಿದ 'ಆರ್ಯಭಟ' ಆಕಾಶಕ್ಕೇರಿತು. ಬೆಂಗಳೂರಿನ ಪುಷ್ಪಮಾಲಾ ಎನ್. ಅರ್ಥಶಾಸ್ತ್ರ, ಇಂಗ್ಲಿಷ್, ಮನಶ್ಶಾಸ್ತ್ರಗಳಲ್ಲಿ ಪದವಿ ಪಡೆದ ಮೇಲೆ ವಡೋದರದ ಲಲಿತಕಲಾ ವಿಭಾಗಕ್ಕೆ ಹೋಗಿ ಶಿಲ್ಪ ಕಲಿತರು, ಮುಂದೆ ದೇಶದ ಹೆಸರಾಂತ ಕಲಾವಿದೆಯಾದರು. ಹದಿನೇಳನೇ ವಯಸ್ಸಿನ ಯಾವ ಪಟ್ಟಿಯಲ್ಲೂ ಇಂಥ ದಾರಿಗಳು ಪೂರ್ತಿಯಾಗಿ ಕಾಣುವುದಿಲ್ಲ.

ಗಾಂಧಿಯವರ ಕಾಲದ ನಾಲ್ಕು ಲೆಕ್ಕಗಳು ಎಲ್ಲಿಗೂ ಹೋಗಿಲ್ಲ. ಶುಲ್ಕ, ದೂರ, ಮನೆತನ, ನೌಕರಿ ಇವು ಇಂದಿನ ಪಟ್ಟಿಯಲ್ಲೂ ಕುಳಿತಿವೆ, ಕುಳಿತಿರಲಿ; ಬಡವರ ಮನೆಯಲ್ಲಿ ಅವನ್ನು ಮರೆತು ಬದುಕಲಾಗದು. ವ್ಯತ್ಯಾಸವಿಷ್ಟೇ: ಆಗ ಹುಡುಗ ಕೇಳಿದ ಒಂದು ಮಾತನ್ನು ಬರೆದಿಡಲು ಜಾಗವಿರಲಿಲ್ಲ. ಈಗ ಪಟ್ಟಿಯ ಮೊದಲ ಸಾಲು ಖಾಲಿ ಇದೆ, ಅಲ್ಲಿ ಬರೆಯಲು ಶುಲ್ಕವೂ ಇಲ್ಲ. ಕೊನೆಯ ದಿನಾಂಕಕ್ಕೆ ಮುಂಚಿನ ಒಂದು ಸಂಜೆ, ಮನೆಯ ಹಿರಿಯರು ಆ ಸಾಲನ್ನು ತುಂಬುವ ಕೆಲಸವನ್ನು ಮಗುವಿಗೇ ಬಿಡಬಹುದು. ಎರಡನೇ ಸಾಲಿನಿಂದ ಮನೆಯ ಲೆಕ್ಕಗಳೆಲ್ಲ ಬರಲಿ.