ಹಸಿರು ಚುಕ್ಕೆಯ ಮನೆಗಳು

2018ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರಾಡಳಿತ ತನ್ನ ಊರಿನ ಒಂದು ನಕ್ಷೆಯನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕಿತು. ತಿಂಗಳಿಗೆ 6,000 ಲೀಟರ್‌ಗಿಂತ ಹೆಚ್ಚು ನೀರು ಬಳಸದ ಮನೆಯ ಮೇಲೆ ಕಡು ಹಸಿರು ಚುಕ್ಕೆ, 10,500 ಲೀಟರ್ ದಾಟದ ಮನೆಗೆ ತಿಳಿ ಹಸಿರು. ಅದನ್ನೂ ಮೀರಿದವರಿಗೆ ಕೆಂಪು ಚುಕ್ಕೆ ಏನೂ ಇರಲಿಲ್ಲ. ಅವರಿಗೆ ಹಸಿರು ಸಿಗುತ್ತಿರಲಿಲ್ಲ, ಅಷ್ಟೇ. ಆದರೆ ಅಕ್ಕಪಕ್ಕದ ಮನೆಗಳೆಲ್ಲ ಹಸಿರಾಗಿದ್ದಾಗ ನಡುವೆ ಖಾಲಿ ಉಳಿದ ಜಾಗ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು.

ಆ ಹೊತ್ತಿಗೆ ಸುಮಾರು 40 ಲಕ್ಷ ಜನರ ಆ ನಗರ ಸತತ ಮೂರು ವರ್ಷ ಮಳೆಯ ಕೊರತೆ ಕಂಡಿತ್ತು. ಊರಿಗೆ ನೀರು ಕೊಡುವ ಅತಿ ದೊಡ್ಡ ಜಲಾಶಯ ಥೀವಾಟರ್ಸ್‌ಕ್ಲೂಫ್‌ನ ಬಹುಭಾಗ ಬಿರಿದ ಮಣ್ಣಾಗಿತ್ತು. ಅಣೆಕಟ್ಟುಗಳ ಒಟ್ಟು ಸಂಗ್ರಹ ಶೇ 13.5ಕ್ಕೆ ಇಳಿದರೆ ಮನೆಮನೆಯ ನಲ್ಲಿ ಬಂದ್, ಜನ ಸುಮಾರು 200 ಕೇಂದ್ರಗಳಲ್ಲಿ ಸಾಲು ನಿಂತು ತಲೆಗೆ 25 ಲೀಟರ್ ಒಯ್ಯಬೇಕು ಎಂಬುದು ಯೋಜನೆ. ಆ ದಿನಕ್ಕೆ ಇಟ್ಟ ಹೆಸರು ‘ಡೇ ಝೀರೋ’.

ಇದಕ್ಕೆ ಮುನ್ನ ನಗರಾಡಳಿತ ಬೇರೆ ದಾರಿಯನ್ನೂ ಹಿಡಿದಿತ್ತು. 2017ರ ಆರಂಭದಲ್ಲಿ ಅತಿ ಹೆಚ್ಚು ನೀರು ಸುರಿಯುವ 100 ಗ್ರಾಹಕರು ಯಾವ ಯಾವ ಬೀದಿಯವರು ಎಂಬ ಪಟ್ಟಿ ಹೊರಬಂತು. ಅದು ನಾಚಿಸುವ ಪಟ್ಟಿ. ಚುಕ್ಕೆಯ ನಕ್ಷೆ ಹಿಡಿದದ್ದು ಬೆನ್ನು ತಟ್ಟುವ ದಾರಿ. ಈ ದಾರಿಗೆ ಒಂದಿಷ್ಟು ಆಧಾರವೂ ಇತ್ತು. ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 4 ಲಕ್ಷ ಮನೆಗಳ ನೀರಿನ ಬಿಲ್ಲಿನ ಜೊತೆ ಬಗೆಬಗೆಯ ಸಂದೇಶಗಳನ್ನು ಕಳಿಸಿ ಪರೀಕ್ಷಿಸಿದ್ದರು. ನೀರು ಉಳಿಸಿದವರನ್ನು ಬಹಿರಂಗವಾಗಿ ಗುರುತಿಸುತ್ತೇವೆ ಎಂಬ ಮಾತು ಹೆಚ್ಚು ಫಲ ಕೊಟ್ಟವುಗಳಲ್ಲೊಂದು. ಆದರೂ ಉಳಿತಾಯ ಶೇ 1ರ ಆಸುಪಾಸಿನಲ್ಲೇ ನಿಂತಿತ್ತು.

ಬರ ಕುತ್ತಿಗೆಗೆ ಬಂದಾಗ ಪೈಪೋಟಿ ಊರಿನ ಮಾತುಕತೆಯಲ್ಲೇ ಸೇರಿಹೋಯಿತು. ಶಾಲೆಗಳಲ್ಲಿ ಸ್ಮಾರ್ಟ್ ಮೀಟರ್ ಕೂರಿಸಿ ನೀರು ಉಳಿಸುವ ಸವಾಲು ನಡೆಯಿತು. ಕೆಲವು ಕಚೇರಿಗಳಲ್ಲಿ ಒಂದೇ ಅಂಗಿಯನ್ನು ಒಗೆಯದೆ ಯಾರು ಹೆಚ್ಚು ದಿನ ತೊಡುತ್ತಾರೆ ಎಂಬ ಪಂದ್ಯ. ಹೆಸರಾಂತ ಗಾಯಕರು ಎರಡು ನಿಮಿಷದ ಸ್ನಾನದ ಹಾಡುಗಳನ್ನು ಹಾಡಿದರು; ಹಾಡು ಮುಗಿಯುವಷ್ಟರಲ್ಲಿ ಮೀಯುವುದೂ ಮುಗಿಯಬೇಕು. ಅದೇ ಜನವರಿಯಲ್ಲಿ ನ್ಯೂಲ್ಯಾಂಡ್ಸ್‌ನಲ್ಲಿ ಟೆಸ್ಟ್ ಆಡಲು ಹೋದ ಭಾರತದ ಕ್ರಿಕೆಟಿಗರಿಗೂ ಎರಡೇ ನಿಮಿಷದ ಮಿತಿ ಹೇಳಲಾಗಿತ್ತು.

ಫೆಬ್ರವರಿ 1ರಿಂದ ಮಿತಿ ತಲೆಗೆ ದಿನಕ್ಕೆ 50 ಲೀಟರ್‌ಗೆ ಇಳಿಯಿತು. ನಾಲ್ವರ ಮನೆಗೆ ತಿಂಗಳಿಗೆ ಲೆಕ್ಕ ಹಾಕಿದರೆ ಅದೇ 6,000. 2015ರ ಆರಂಭದಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಕುಡಿಯುತ್ತಿದ್ದ ನಗರ 2018ರಲ್ಲಿ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಬದುಕಿತು. ಏಪ್ರಿಲ್‌ನಲ್ಲಿ ಬರಬೇಕಿದ್ದ ಡೇ ಝೀರೋ ಮೇ, ಜೂನ್, ಜುಲೈ ಎಂದು ಮುಂದೆ ಹೋಗುತ್ತ ಮಾರ್ಚ್‌ನಲ್ಲಿ ಆ ವರ್ಷದ ಮಟ್ಟಿಗೆ ರದ್ದಾಯಿತು.

ಇದೆಲ್ಲ ಚುಕ್ಕೆಯ ಮಹಿಮೆ ಎಂದರೆ ಸುಳ್ಳಾಗುತ್ತದೆ. ನೀರಿನ ದರ ಏರಿತ್ತು, ಕೊಳವೆಗಳ ಒತ್ತಡ ತಗ್ಗಿಸಲಾಗಿತ್ತು, ಹೆಚ್ಚು ಬಳಸುವ ಮನೆಗಳಿಗೆ ಹರಿವು ತಡೆಯುವ ಸಾಧನ ಬಂದಿತ್ತು. ಗ್ರೂನ್‌ಲ್ಯಾಂಡ್‌ನ ರೈತರು ತಮ್ಮ ಅಣೆಕಟ್ಟಿನಿಂದ 1,000 ಕೋಟಿ ಲೀಟರ್ ಬಿಟ್ಟುಕೊಟ್ಟಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಭಯವಿತ್ತು. ಪೈಪೋಟಿ ಮಾಡಿದ ಕೆಲಸ ಬೇರೆ. ‘ನಾನೊಬ್ಬ ಉಳಿಸಿದರೆ ಏನಾದೀತು’ ಎನ್ನುವವನಿಗೆ, ಬೀದಿಯವರೆಲ್ಲ ಉಳಿಸುತ್ತಿದ್ದಾರೆ ಎಂಬ ಪುರಾವೆಯನ್ನು ಅದು ಕಣ್ಣೆದುರು ಇಟ್ಟಿತು.

ಆದರೆ ಆ ನಕ್ಷೆಗೆ ಕಾಣದ ಜನರೂ ಇದ್ದರು. ಚುಕ್ಕೆ ಇದ್ದದ್ದು ಸ್ವಂತ ಮೀಟರಿನ ಬಿಡಿ ಮನೆಗಳಿಗೆ. ಸಾರ್ವಜನಿಕ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊರುವ ಗುಡಿಸಲು ಬಡಾವಣೆಗಳು ನಗರದ ನೀರಿನಲ್ಲಿ ಶೇ 5ರಷ್ಟನ್ನೂ ಬಳಸುತ್ತಿರಲಿಲ್ಲ. ಅಲ್ಲಿನವರಿಗೆ ಸಾಲು ನಿಲ್ಲುವುದು ಬರಲಿರುವ ಆಪತ್ತಲ್ಲ, ನಿತ್ಯದ ಬದುಕು. ಎಲ್ಲರಿಗಿಂತ ಕಡಿಮೆ ನೀರಿನಲ್ಲಿ ಬದುಕುವವರಿಗೆ ಪಂದ್ಯದಲ್ಲಿ ಜಾಗವೇ ಇರಲಿಲ್ಲ.

2019ರ ಬೇಸಿಗೆಯಲ್ಲಿ ಚೆನ್ನೈಯ ಕೆರೆಗಳು ಒಣಗಿದಾಗ, 2024ರಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಪತ್ರಿಕೆಗಳು ಕೇಪ್‌ಟೌನ್ ಹೆಸರೆತ್ತಿದವು. ಹತ್ತಾರು ಮನೆಗಳಿಗೆ ಒಂದೇ ಸಂಪು, ಒಂದೇ ಟ್ಯಾಂಕರ್ ಬಿಲ್ ಇರುವ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಯಾರು ಎಷ್ಟು ಬಳಸಿದರು ಎಂಬುದೇ ಗೊತ್ತಾಗುವುದಿಲ್ಲ. ಸ್ನೇಹದ ಪಂದ್ಯವಾದರೂ ಶುರುವಾಗಬೇಕಾದದ್ದು ಅಳತೆಯಿಂದ. ಮೊದಲು ಮನೆಗೊಂದು ಮೀಟರ್, ಅದಕ್ಕಿಂತ ಮೊದಲು ನಲ್ಲಿಯೇ ಇಲ್ಲದವರ ಮನೆಗೊಂದು ನಲ್ಲಿ.