ಹರಟೆಕಟ್ಟೆಗೆ ಬಂದ ವ್ಯಾಪಾರ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಸ್ವಂತ ಉದ್ಯೋಗ ನಡೆಸುತ್ತಿದ್ದಾರೆ. ಗಿರಾಕಿಗಳ ಬೇಡಿಕೆ, ದರ, ಬಾಕಿ ಎಲ್ಲವೂ ಗೆಳೆಯರು ಹರಟುವ ಗುಂಪುಗಳಲ್ಲಿಯೇ ತೀರ್ಮಾನವಾಗುತ್ತದೆಂದು ಅವರಿಂದ ಕೇಳಿದಾಗ, ಇತಿಹಾಸ ಪಾಠ ಹೇಳಿದ ನನಗೆ ಇದರ ಮೂಲವನ್ನು ಅರಿಯುವ ಕುತೂಹಲ ಮೂಡಿತು. ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

1988ರ ಆಗಸ್ಟ್ ತಿಂಗಳಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೋ ಒಯ್ಕರಿನೆನ್ ಎಂಬ ಯುವಕ ‘ಇಂಟರ್‌ನೆಟ್ ರಿಲೇ ಚಾಟ್’ ಎಂಬ ವ್ಯವಸ್ಥೆಯನ್ನು ರೂಪಿಸಿದ. ಹಿಂದೆ ಅಂಚೆಯ ಓಟಗಾರರು ಚೀಲವನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದಂತೆ, ಇಲ್ಲಿ ಒಂದು ಗಣಕಯಂತ್ರ ಮಾತನ್ನು ಇನ್ನೊಂದಕ್ಕೆ ತಲುಪಿಸುತ್ತಿತ್ತು. 1991ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಅಧಿಕಾರ ಕಸಿಯುವ ಪ್ರಯತ್ನ ನಡೆದಾಗ ಅಲ್ಲಿನ ಸುದ್ದಿ ಈ ಮಾರ್ಗದಿಂದಲೂ ಹೊರಜಗತ್ತಿಗೆ ತಲುಪಿತು. ಆದರೆ ಇದು ನಮ್ಮೂರ ಅರಳಿಕಟ್ಟೆಯಂತೆಯೇ ಇತ್ತು: ಕುಳಿತವರಿಗಷ್ಟೇ ಮಾತು ಕೇಳಿಸುತ್ತಿತ್ತು, ತಡವಾಗಿ ಬಂದವರಿಗೆ ಆಡಿದ ಮಾತು ದಕ್ಕುತ್ತಿರಲಿಲ್ಲ.

ಈ ಕೊರತೆಯೇ ಮುಂದೆ ದೊಡ್ಡ ವ್ಯಾಪಾರವಾಯಿತು. ಸ್ಟೀವರ್ಟ್ ಬಟರ್‌ಫೀಲ್ಡ್ ಮತ್ತು ಸಂಗಡಿಗರು ‘ಗ್ಲಿಚ್’ ಎಂಬ ಗಣಕ ಆಟವನ್ನು ಸಿದ್ಧಪಡಿಸುತ್ತಿದ್ದಾಗ ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ಈ ಹರಟೆಯ ವ್ಯವಸ್ಥೆಯಲ್ಲಿಯೇ ಕಚೇರಿಯ ಮಾತು ಆಡುತ್ತಿದ್ದರು. ಮಾತು ಕಳೆಯದಂತೆ ಅದನ್ನು ಶೇಖರಿಸಿ ಹುಡುಕುವ ಉಪಾಯವನ್ನೂ ತಾವೇ ಸೇರಿಸಿಕೊಂಡರು. 2012ರ ಡಿಸೆಂಬರಿನಲ್ಲಿ ಆಟ ಮುಚ್ಚಿತು, ಉಪಾಯ ಉಳಿಯಿತು. ಅದೇ 2014ರ ಫೆಬ್ರವರಿಯಲ್ಲಿ ‘ಸ್ಲ್ಯಾಕ್’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆ ಅದನ್ನು ಸುಮಾರು 2,770 ಕೋಟಿ ಡಾಲರಿಗೆ ಕೊಂಡಿತು. ಇತ್ತ 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ‘ವಾಟ್ಸಾಪ್ ಬಿಸಿನೆಸ್’ ಬಂದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಟ್ಟೆ ಯಾರದು? ‘ಫ್ರೀನೋಡ್’ ಎಂಬ ಹೆಸರಾಂತ ಹರಟೆಯ ಜಾಲದಲ್ಲಿ ಮುಕ್ತ ತಂತ್ರಾಂಶ ಬರೆಯುವವರು ಅನೇಕ ವರ್ಷಗಳಿಂದ ಸೇರುತ್ತಿದ್ದರು. 2021ರ ಮೇ ತಿಂಗಳಲ್ಲಿ ಅದರ ಹಿಡಿತದ ಬಗ್ಗೆ ವಿವಾದವೆದ್ದು, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಒಟ್ಟಾಗಿ ಹೊರನಡೆದು ‘ಲಿಬೆರಾ ಚಾಟ್’ ಕಟ್ಟಿದರು; ಹಲವಾರು ಬಳಗಗಳು ಗಂಟುಮೂಟೆ ಕಟ್ಟಿ ಹಿಂಬಾಲಿಸಿದವು. ಇನ್ನು ಸ್ಲ್ಯಾಕ್ ತನ್ನ ಉಚಿತ ಬಳಕೆದಾರರಿಗೆ 2022ರ ಸೆಪ್ಟೆಂಬರಿನಿಂದ ಕೊನೆಯ 90 ದಿನಗಳ ಮಾತನ್ನಷ್ಟೇ ತೋರಿಸತೊಡಗಿತು. ಮಾತನ್ನು ಉಳಿಸಲೆಂದು ಹುಟ್ಟಿದ ಕಟ್ಟೆಯಲ್ಲಿಯೂ ಹಳೆಯ ಮಾತಿಗೆ ಬಾಡಿಗೆ ತೆರಬೇಕಾಯಿತು!

ನಮ್ಮ ಹಿರಿಯರು ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಮಾತು ಸಂತೆಯಲ್ಲಿ ನಡೆಯುತ್ತಿತ್ತು, ಕಡತ ಮನೆಯಲ್ಲಿರುತ್ತಿತ್ತು. ಈ ವಿವೇಕ ಇಂದಿಗೂ ಸಲ್ಲುತ್ತದೆ. ಗಿರಾಕಿ ಎಲ್ಲಿ ಕುಳಿತಿದ್ದಾನೋ ಅಲ್ಲಿಗೆ ವ್ಯಾಪಾರಿ ಹೋಗಲೇಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಪ್ಪಿದ ದರ, ಕೊಟ್ಟ ಮಾತು, ಬರಬೇಕಾದ ಹಣ ಇವುಗಳನ್ನು ಅಂದಂದೇ ನಿಮ್ಮ ಸ್ವಂತ ಪುಸ್ತಕಕ್ಕೆ ಇಳಿಸಿಕೊಳ್ಳಿ. ಮನೆಮಂದಿಯ ಗುಂಪು ಬೇರೆ, ಗಿರಾಕಿಗಳ ಗುಂಪು ಬೇರೆ ಇರಲಿ. ನಿಮ್ಮಲ್ಲಿ ಈ ದಾರಿಯಲ್ಲಿ ನಡೆದವರು ತಮ್ಮ ಅನುಭವವನ್ನು ನನಗೆ ಬರೆದು ತಿಳಿಸಿದರೆ ಸಂತೋಷ.